ಕ್ಯಾನಿಗೆ ಸುರಿಯುವ ಮುಂಚೆ

(ಖಾನಾಪುರ ತಾಲ್ಲೂಕಿನ ಬೀಡಿ ಕಡೆಯ ಒಂದು ಮಹಿಳಾ ಹಾಲು ಸಂಘದ ಸೆಕ್ರೆಟರಿ, ಬೆಳಗಾವಿಯ ಟಿಳಕವಾಡಿಯಲ್ಲಿರುವ ತನ್ನ ಹಳೆಯ ಕೆಮಿಸ್ಟ್ರಿ ಸರ್ ಮನೆಗೆ ಬಂದಿದ್ದಾಳೆ. ಕೈಯಲ್ಲೊಂದು ಬಣ್ಣದ ಪಾಂಪ್ಲೆಟ್.)

ಸೆಕ್ರೆಟರಿ: ಸರ್, ಇದನ್ನೊಂದಿಷ್ಟು ಓದ್ರಿ. ಹೋದ ವಾರ ಒಬ್ಬಾಂವ ಸಂಘಕ್ಕ ಬಂದಿದ್ದ. ಹಾಲಿನ್ಯಾಗ ಪಟ್ಟಿ ಅದ್ದೂದು, ಒಂದ ಮಿನಿಟಿನ್ಯಾಗ ಮೊಬೈಲ್ ಮ್ಯಾಲ ಎಲ್ಲಾ ಬರ್ತೈತಿ ಅಂದ. ಆಂಟಿಬಯೋಟಿಕ್, ಯೂರಿಯಾ, ಹೊಲಕ್ಕ ಹೊಡಿಯೂ ಎಣ್ಣಿ, ಎಲ್ಲಾ. ಕಮಿಟಿಯವರು ತಗೊಳ್ಳೋಣೇನು ಅಂತ ನನ್ನ ಕೇಳಾಕತ್ತಾರ. ನಾ ನಿಮ್ಮನ್ನ ಕೇಳಾಕ ಬಂದೀನಿ.

ಸರ್: ಗ್ರಾಫ್ ಭಾಳ ಚಂದ ಅದಾವಲ್ಲ! ಆದ್ರ ಇಡೀ ಕಾಗದದಾಗ ಒಂದು ಗ್ರಾಫೂ ಹಾಲಿನದಲ್ಲ. ಎಲ್ಲಾ ಬಫರಿನ್ಯಾಗ ಮಾಡಿದ್ದು.

ಸೆಕ್ರೆಟರಿ: ಬಫರ್ ಅಂದ್ರ...

ಸರ್: ಎರಡು ವರ್ಷ ಕಲಿಸೇನಿ ನಿನಗ. ಶುದ್ಧ ನೀರಿಗೆ ಅಳತಿ ಮಾಡಿ ಲವಣ ಹಾಕಿ, ಪಿಎಚ್ ಅಲುಗಾಡದಂಗ ಇಟ್ಟ ದ್ರಾವಣ. ಅದರಾಗ ಎಂಥಾ ಸೆನ್ಸರೂ ಜಾಣ ಆಗ್ತದ. ಅದಿರಲಿ, ನಿಮಗ ಈ ಮಷಿನ್ ಯಾಕ ಬೇಕಾತು?

ಸೆಕ್ರೆಟರಿ: ಬೆಳಗಾವಿಯ ಒಂದು ಮಿಠಾಯಿ ಅಂಗಡಿಗೆ ನಮ್ಮ ಸದಸ್ಯರ ಹಾಲು ಸ್ವಲ್ಪ ಹೋಗ್ತೈತ್ರೀ. ಕುಂದಾ ಮಾಡ್ತಾರ, ಮೊಸರೂ ಮಾರತಾರ. ಹೋದ ತಿಂಗಳ ಒಂದಿನ ಹೆಪ್ಪು ಹಾಕಿದ ಹಾಲು ಮರುದಿನ ಮುಂಜಾನಿ ಹಾಲಾಗೇ ಇತ್ತಂತ. ಫೋನ್ ಮಾಡಿ ಬಾಯಿಗೆ ಬಂದಂಗ ಬೈದ್ರು. ನಾ ಮನಿಮನಿ ತಿರಗಿ ಕೇಳಿದ್ರ ಗೊತ್ತಾತು. ಒಬ್ಬಾಕಿ ಆಕಳಿಗೆ ಕೆಚ್ಚಲ ಬಾವು ಆಗಿತ್ತು, ಡಾಕ್ಟರ್ ಮೊಲಿಗೆ ಟ್ಯೂಬ್ ಏರಿಸಿ ಹೋಗಿದ್ರು. ಈಕಿ ಮರುದಿನಾನ ಹಾಲು ತಂದು ಹಾಕ್ಯಾಳ. ಎರಡು ಲೀಟರ್ ಹಾಲು, ನಲವತ್ತು ಲೀಟರ್ ಕ್ಯಾನ್ ಕೆಡಿಸಿತ್ರೀ.

ಸರ್: ಹಂಗಾದ್ರ ಸೆನ್ಸರ್ ನಿಮ್ಮ ಅಡಿಗಿಮನ್ಯಾಗ ಆಗಲೇ ಅದ. ಹೆಪ್ಪು. ಹಾಲನ್ನ ಮೊಸರು ಮಾಡೂ ಬ್ಯಾಕ್ಟೀರಿಯಾ ಪೆನಿಸಿಲಿನ್ ಕಂಡ್ರ ಬೆಳಿಯೂದಿಲ್ಲ. ದೊಡ್ಡ ಲ್ಯಾಬಿನವರೂ ಇದನ್ನ ಮಾಡ್ತಾರ. ಅವರ ಸೂಕ್ಷ್ಮಜೀವಿ ಬ್ಯಾರೆ, ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಅಂತ. ಸಣ್ಣ ಕೊಳವಿಯೊಳಗ ಅದರ ಬೀಜಕ ಇಟ್ಟು, ಹಾಲು ಹಾಕಿ, ಸುಮಾರು 64 ಡಿಗ್ರಿ ಬಿಸಿಯೊಳಗ ಇಡತಾರ. ಜೀವಿ ಬೆಳದ್ರ ಹುಳಿಯಾಗಿ ನೇರಳೆ ಬಣ್ಣ ಹಳದಿ ಆಗ್ತದ. ನೇರಳೆಯಾಗೇ ಉಳೀತಂದ್ರ ಹಾಲಿನ್ಯಾಗ ಔಷಧ ಅದ ಅಂತ. ಎರಡೂವರಿ, ಮೂರು ತಾಸು ಬೇಕು.

ಸೆಕ್ರೆಟರಿ: ಮೂರು ತಾಸು ಎಲ್ಲಿ ತರೂದ್ರೀ? ಆರಕ್ಕ ಹಾಲು ಹಾಕಾಕ ಶುರು ಮಾಡ್ತೀವಿ, ಏಳೂವರಿಗೆ ಗಾಡಿ. ಗಾಡಿ ಯಾರ ಸಲುವಾಗೂ ನಿಲ್ಲಂಗಿಲ್ಲ.

ಸರ್: ನಿಮ್ಮ ಹೆಪ್ಪಿಗಿಂತ ಅವರದು ಭಾಳ ಸೂಕ್ಷ್ಮ ಅನ್ನೂದೂ ಖರೆ. ಬೆಂಝೈಲ್ ಪೆನಿಸಿಲಿನ್ನಿಗೆ ಕೋಡೆಕ್ಸ್ ಅನ್ನೂ ಅಂತರರಾಷ್ಟ್ರೀಯ ಆಹಾರ ಮಾನದಂಡ ಹಾಕಿದ ಮಿತಿ ಲೀಟರ್ ಹಾಲಿಗೆ 4 ಮೈಕ್ರೋಗ್ರಾಂ. ಲೆಕ್ಕಾ ಹಾಕು: ಒಂದು ಗ್ರಾಂ ಔಷಧ ಎರಡೂವರಿ ಲಕ್ಷ ಲೀಟರ್ ಹಾಲನ್ನ ಆ ಮಿತಿಗೆ ತಂದು ನಿಲ್ಲಸ್ತದ. ಮೊಸರು ಚಂದಾಗಿ ಆತು ಅಂತ ಹಾಲು ಚಲೋ ಅದ ಅನ್ನಾಕ ಬರೂದಿಲ್ಲ.

ಸೆಕ್ರೆಟರಿ: ಅದಕ್ಕ ಅಲ್ಲೇನ್ರೀ ಈ ಕರೆಂಟಿನ ಪಟ್ಟಿ?

ಸರ್: ತಡಿ, ನಮ್ಮ ಮನಿಯಾಕಿ ಸಕ್ಕರಿ ಮಷಿನ್ ತರ್ತೇನಿ... ಹಿಡಿ ಈ ಪಟ್ಟಿ. ಬೆಳಕಿಗೆ ತಿರುಗಿಸಿ ನೋಡು. ತುದಿಗೆ ಕೂದಲಷ್ಟು ಸಂದಿ ಅದ, ರಕ್ತ ತಾನ ಅದರೊಳಗ ಏರ್ತದ. ಅದರ ಕೆಳಗ ಕರಿ ಗೆರಿ ಕಾಣ್ತಾವೇನು?

ಸೆಕ್ರೆಟರಿ: ಹೌದ್ರೀ, ಎರಡು. ಇಲ್ಲಾ, ಮೂರು. ಈ ಕಡೆ ಮಷಿನಿಗೆ ಸಿಗಸೂ ತುದಿತನಾ ಬಂದಾವ.

ಸರ್: ಅದು ಕಾರ್ಬನ್ ಶಾಯಿ. ಲಗ್ನಪತ್ರಿಕಿ ಅಚ್ಚು ಹಾಕ್ತಾರಲ್ಲ ಸ್ಕ್ರೀನ್ ಪ್ರಿಂಟಿಂಗ್, ಅದೇ ತಂತ್ರ. ಕಾರ್ಬನ್ ಮ್ಯಾಲ ಒಂದು ಕಿಣ್ವ ಒಣಗಿಸಿ ಇಟ್ಟಾರ. ರಕ್ತದಾಗಿನ ಗ್ಲೂಕೋಸನ್ನಷ್ಟ ಅದು ಹಿಡೀತದ, ಅದರಿಂದ ಎಲೆಕ್ಟ್ರಾನ್ ಕಸಗೊಳ್ತದ. ಪಟ್ಟಿಯಾಗ ಇನ್ನೊಂದು ರಾಸಾಯನಿಕ ಇರ್ತದ, ಅದು ಆ ಎಲೆಕ್ಟ್ರಾನ್ ತಗೊಂಡು ಕರಿ ಗೆರಿಗೆ ಮುಟ್ಟಸ್ತದ. ಗ್ಲೂಕೋಸ್ ಹೆಚ್ಚಿದ್ರ ಕರೆಂಟ್ ಹೆಚ್ಚು. ಇದರ ಮೂಲ ವಿಚಾರ ಅಮೇರಿಕಾದ ಲೆಲ್ಯಾಂಡ್ ಕ್ಲಾರ್ಕ್ 1962ರಾಗ ಹೇಳಿದ್ದು. ಮನಿಯಾಗ ಇಟ್ಕೊಳ್ಳೂವಂಥಾ ಇಂಥ ಮೀಟರ್ ಮಾರ್ಕೆಟ್ಟಿಗೆ ಬರೂದ್ರಾಗ 1987 ಆತು. ಇಪ್ಪತ್ತೈದು ವರ್ಷ! ನಿನ್ನ ಪಾಂಪ್ಲೆಟ್ಟಿನಾಂವ ಒಂದು ಮಿನಿಟ್ ಅಂತಾನ.

ಸೆಕ್ರೆಟರಿ: ಪೆನಿಸಿಲಿನ್ನಿಗೂ ಇಂಥದ್ದ ಒಂದು ಕಿಣ್ವ ಹಚ್ಚಿದ್ರ ಆತಲ್ರೀ.

ಸರ್: ಅಲ್ಲಿಗೆ ಬರೂದಕಿಂತ ಮೊದಲ ಒಂದು ಸಣ್ಣ ವಿಷಯ. ಕಿಣ್ವ ಇಲ್ಲದೇನೂ ಕೆಲವು ಔಷಧ ಹಿಡೀಲಿಕ್ಕೆ ಬರ್ತದ. ಎಪಿಎಂಸಿಯೊಳಗ ಉಳ್ಳಾಗಡ್ಡಿ ಲಿಲಾವ್ ನೋಡಿಯಲ್ಲ? ಕೂಗು ಏರತಾ ಹೋಗ್ತದ. ಒಬ್ಬ ರೈತ ಸಣ್ಣ ದರಕ್ಕ ಕೊಟ್ಟು ಮನಿಗೆ ಹೋಗ್ತಾನ, ಇನ್ನೊಬ್ಬ ಏರಲಿ ಏರಲಿ ಅಂತ ಕೂಡ್ತಾನ. ಎಲೆಕ್ಟ್ರೋಡ್, ಅಂದ್ರ ಆ ಕರಿ ಗೆರಿಯಂಥಾದ್ದರ ಮ್ಯಾಲ ನಾವು ವೋಲ್ಟೇಜ್ ಹಂಗ ಏರಸ್ತೇವಿ. ಒಂದೊಂದು ಅಣು ತನ್ನ ದರ ಬಂದಾಗ ಎಲೆಕ್ಟ್ರಾನ್ ಬಿಟ್ಟುಕೊಡ್ತದ. ಪ್ಯಾರಾಸಿಟಮಾಲ್ ಅರ್ಧ ವೋಲ್ಟಿನ ಆಚೀಚೆ ಎರಡು ಎಲೆಕ್ಟ್ರಾನ್ ಬಿಡ್ತದ. ಆ ಹೊತ್ತಿಗೆ ಕರೆಂಟಿನ ಗೆರಿ ಮ್ಯಾಲೇಳ್ತದ. ಯಾವ ವೋಲ್ಟಿಗೆ ಎದ್ದಿತು ಅನ್ನೂದು ಯಾವ ವಸ್ತು ಅಂತ ಹೇಳ್ತದ, ಎಷ್ಟು ಎದ್ದಿತು ಅನ್ನೂದು ಎಷ್ಟು ಅದ ಅಂತ ಹೇಳ್ತದ. ಚೆಕ್ ದೇಶದ ಹೈರೋವ್‌ಸ್ಕಿ ಅನ್ನಾಂವ 1922ರಾಗ ಪಾದರಸದ ಹನಿ ಬೀಳಿಸಕೋತ ಇದನ್ನ ಕಂಡುಹಿಡಿದ. 1959ರಾಗ ನೊಬೆಲ್ ಸಿಕ್ತು.

ಸೆಕ್ರೆಟರಿ: ಒಂದ ದರಕ್ಕ ಇಬ್ಬರು ಕೊಡ್ತೀನಿ ಅಂದ್ರ?

ಸರ್: ಶಾಬಾಸ್! ಈ ಪ್ರಶ್ನೆ ಕ್ಲಾಸಿನ್ಯಾಗ ಕೇಳಿದ್ರ ಇನ್ನೂ ಹತ್ತು ಮಾರ್ಕ್ಸ್ ಕೊಡ್ತಿದ್ದೆ. ಅದೇ ಈ ಶಾಸ್ತ್ರದ ದೊಡ್ಡ ತಲಿನೋವು. ವಿಟಮಿನ್ ಸಿ, ಯೂರಿಕ್ ಆಮ್ಲ, ಇವು ಎಲ್ಲಾ ಕಡೆ ಇರ್ತಾವ, ಅವೂ ಅಲ್ಲೇ ಹತ್ತಿರದ ದರಕ್ಕ ಕೈ ಎತ್ತತಾವ. ಅವನ್ನ ಬಿಡಿಸಿ ನೋಡ್ಲಿಕ್ಕೆ ಎಲೆಕ್ಟ್ರೋಡಿನ ಮೈನ ಬದಲಸ್ತಾರ. ಈ ಕೆಲಸಕ್ಕ ದೂರ ಹೋಗಬೇಕಾಗಿಲ್ಲ. ಧಾರವಾಡದಾಗ ಕರ್ನಾಟಕ ವಿಶ್ವವಿದ್ಯಾಲಯದ ಎಸ್.ಟಿ. ನಂದಿಬೇವೂರ ಅವರ ತಂಡ, ಹುಬ್ಬಳ್ಳಿಯಾಗ ನಾಗರಾಜ ಶೆಟ್ಟಿ ಅವರ ತಂಡ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಾಗ ಬಿ.ಇ. ಕುಮಾರಸ್ವಾಮಿ ಅವರದು. ಔಷಧ, ಕೀಟನಾಶಕ, ಮೆದುಳಿನ ಡೋಪಮಿನ್, ಇಂಥವನ್ನ ಕಾರ್ಬನ್ ಎಲೆಕ್ಟ್ರೋಡಿನ ಮ್ಯಾಲ ಅಳೆಯೂ ಕೆಲಸ ವರ್ಷಾನುಗಟ್ಟಲೆ ಮಾಡ್ಯಾರ. ಈ ವಿಷಯದಾಗ ನಮ್ಮ ಸೀಮಿ ಹಿಂದ ಇಲ್ಲ.

ಸೆಕ್ರೆಟರಿ: ಭಾರಿ ಖರ್ಚಿನ ಕೆಲಸ ಇರಬೇಕಲ್ರೀ.

ಸರ್: ಎಲೆಕ್ಟ್ರೋಡ್ ಮಾಡೂದು ನೋಡಿದ್ರ ನಗ್ತಿ. ಗ್ರಾಫೈಟ್ ಪುಡಿ, ಅದಕ್ಕ ಒಂದಿಷ್ಟು ಪ್ಯಾರಾಫಿನ್ ಎಣ್ಣಿ. ಖಲಬತ್ತಿನ್ಯಾಗ ಹಾಕಿ ಅರ್ಧ ತಾಸು ಅರಿಯೂದು. ಬೆರಳೆಲ್ಲಾ ಕರಿ. ಆ ಕಲಸಿದ್ದನ್ನ ಸಣ್ಣ ನಳಿಗಿಯೊಳಗ ಗಾಳಿ ಉಳೀದಂಗ ತುರಕಿ, ತುದೀನ ನುಣ್ಣನೆ ಕಾಗದದ ಮ್ಯಾಲ ತಿಕ್ಕಿ ಹೊಳಪು ತರೂದು. ಒಂದು ಅಳತಿ ಆದ ಮ್ಯಾಲ ತುದೀಯಷ್ಟ ಒತ್ತಿ ಹೊರಗ ತಗದು, ಒರಸಿ, ಮತ್ತ ತಿಕ್ಕೂದು. 1958ರಾಗ ಕ್ಯಾನ್ಸಸಿನ ರಾಲ್ಫ್ ಆಡಮ್ಸ್ ಹೇಳಿಕೊಟ್ಟ ರೀತಿ. ಇಂದಿಗೂ ಎಂ.ಎಸ್ಸಿ. ಹುಡುಗರು ಹಿಂಗ ಮಾಡ್ತಾರ. ಖರ್ಚು ಇರೂದು ಕರೆಂಟ್ ಅಳೆಯೂ ಪೊಟೆನ್ಶಿಯೊಸ್ಟ್ಯಾಟ್ ಅನ್ನೂ ಯಂತ್ರಕ್ಕ. ಈಗ ಅದೂ ಮೊಬೈಲಿನಷ್ಟು ಸಣ್ಣದು ಬಂದದ.

ಸೆಕ್ರೆಟರಿ: ಇಷ್ಟೆಲ್ಲಾ ಧಾರವಾಡದಾಗ ಇದ್ರ ನನ್ನ ಸಂಘಕ್ಕ ಯಾಕ ಬಂದಿಲ್ರೀ?

ಸರ್: ಹಾಲು ಅನ್ನೂದು ಬಫರ್ ಅಲ್ಲ, ಅದಕ್ಕ. ಕೊಬ್ಬು ಅದ, ಕೇಸಿನ್ ಅದ. ಎಲೆಕ್ಟ್ರೋಡ್ ಅದ್ದಿದ ಕೂಡಲೆ ಅವು ಹೋಗಿ ಮೈಗೆ ಅಂಟತಾವ. ಮೊದಲ ಅಳತಿ ಒಂದು, ಎರಡನೇದು ಅದರ ಮುಕ್ಕಾಲು, ಮೂರನೇದು ಅರ್ಧ.

ಸೆಕ್ರೆಟರಿ: ಅದು ನನಗ ಗೊತ್ತೈತ್ರೀ! ನಮ್ಮ ಮಿಲ್ಕ್ ಅನಲೈಸರಿನ ನಳಗಿ ಒಂದಿನ ನೆಟ್ಟಗ ತೊಳೀಲಿಲ್ಲಂದ್ರ ಫ್ಯಾಟ್ ಎತ್ತೆತ್ತಾಗೋ ತೋರಸ್ತೈತಿ. ಆಮ್ಯಾಲ ಸರತಿಯಾಗ ನಿಂತವರ ಜೋಡಿ ಜಗಳಾ.

ಸರ್: ಇನ್ನೊಂದು, ಪೆನಿಸಿಲಿನ್ ಹಟಮಾರಿ. ಸುಲಭಕ್ಕ ಎಲೆಕ್ಟ್ರಾನ್ ಕೊಡೂದಿಲ್ಲ. ಕ್ಲೋರಾಂಫೆನಿಕಾಲ್ ಇದ್ರ ಬ್ಯಾರೆ ಮಾತು, ಅದರ ಮೈಯಾಗ ನೈಟ್ರೋ ಗುಂಪು ಅದ, ಅದು ಎಲೆಕ್ಟ್ರಾನ್ ತಗೊಳ್ಳೂದ್ರಾಗ ಮುಂದ. ಆ ಔಷಧನ ಹಾಲು ಕೊಡೂ ದನಕ್ಕ ಬಳಸೂ ಹಂಗೇ ಇಲ್ಲ. ಪೆನಿಸಿಲಿನ್ನಿಗೆ ಅದನ್ನಷ್ಟ ಗುರತಿಸೂ ಪ್ರತಿಕಾಯವನ್ನೋ ಮತ್ತೊಂದನ್ನೋ ಎಲೆಕ್ಟ್ರೋಡಿಗೆ ಕೂಡಿಸಬೇಕು. ಆ ಪ್ರತಿಕಾಯ ಜುಲೈ ತಿಂಗಳ ಖಾನಾಪುರದ ಹಸಿಯೊಳಗ ಎಷ್ಟು ದಿನ ಬಾಳ್ತದ? ಕಣಕುಂಬಿ, ಜಾಂಬೋಟಿ ಕಡೆ ಮಳಿಗಾಲದಾಗ ಬೆಂಕಿಪೊಟ್ಟಣ ಹತ್ತೂದಿಲ್ಲ. ಡಬ್ಬಿ ಒಡದ ಮ್ಯಾಲ ಪಟ್ಟಿ ಎಷ್ಟು ದಿನ ನಡೀತದ ಅಂತ ಆ ಮನಷ್ಯಾನ್ನ ಕೇಳಿದೇನು?

ಸೆಕ್ರೆಟರಿ: ಇಲ್ರೀ. ಅಂವ ಎಣ್ಣಿ ಅಂಶಾನೂ ಹಿಡೀತೈತಿ ಅಂದನಲ್ಲ, ಅದು?

ಸರ್: ಅದಕ್ಕ ಆಧಾರ ಅದ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಜಾತಿಯ ಎಣ್ಣಿ ಹುಳಾನ್ನ ಕೊಲ್ಲೂದು ಹೆಂಗ? ನರದಾಗಿನ ಅಸಿಟೈಲ್‌ಕೊಲಿನೆಸ್ಟರೇಸ್ ಅನ್ನೂ ಕಿಣ್ವವನ್ನ ಕಟ್ಟಿಹಾಕಿ. ಅದೇ ಕಿಣ್ವವನ್ನ ಪಟ್ಟಿ ಮ್ಯಾಲ ಇಟ್ರ, ಎಣ್ಣಿ ಇದ್ದಾಗ ಕಿಣ್ವದ ಕೆಲಸ ನಿಲ್ತದ, ಕರೆಂಟ್ ಇಳೀತದ. ಚಲೋ ಉಪಾಯ. ಆದ್ರ ಯಾವ ಎಣ್ಣಿ ಅಂತ ಅದು ಹೇಳೂದಿಲ್ಲ, ಆ ಜಾತಿಯದು ಏನೋ ಅದ ಅಂತಷ್ಟ. ನಮ್ಮ ಬೆಳಗಾವಿ ಕಾಯಿಪಲ್ಲೆ ದಿನಾ ಚೋರ್ಲಾ ಘಾಟ್ ದಾಟಿ ಗೋವಾಕ್ಕ ಹೋಗ್ತದ. ಲಾರಿ ಹತ್ತೂ ಮೊದಲ ಇಂಥದ್ದೊಂದು ತಪಾಸಣಿ ಇದ್ರ ಉಪಯೋಗ ಅದ. ಹಾಲಿಗೆ ಇಲ್ಲ, ಅಲ್ಲಿ ಮತ್ತ ಅದೇ ಕೊಬ್ಬಿನ ಕಾಟ.

ಸೆಕ್ರೆಟರಿ: ಅಂದ್ರ ಈ ಶಾಸ್ತ್ರ ಪುಸ್ತಕದಾಗಷ್ಟ ಉಳಕೊಂಡೈತಿ ಅನ್ರಿ.

ಸರ್: ಹಂಗೂ ಅನ್ನಬ್ಯಾಡ. ರಾತ್ರಿ ಪೊಲೀಸರು ಗಾಡಿ ನಿಲ್ಲಿಸಿ ಊದು ಅಂತಾರಲ್ಲ, ಅದು ಇದೇ. ಉಸಿರಿನ್ಯಾಗಿನ ಮದ್ಯ ಪ್ಲಾಟಿನಂ ಮ್ಯಾಲ ಉತ್ಕರ್ಷಣೆ ಆಗಿ ಕರೆಂಟ್ ಕೊಡ್ತದ. ನೂರು ಮಿಲಿಲೀಟರ್ ರಕ್ತಕ್ಕ 30 ಮಿಲಿಗ್ರಾಂ ದಾಟಿತಂದ್ರ ಕೇಸು. ಬೆಂಗಳೂರಿನ ಐಐಎಸ್ಸಿಯ ನವಕಾಂತ ಭಟ್ ಅವರು 2015ರಾಗ ಪಾಥ್‌ಶೋಧ್ ಅಂತ ಕಂಪನಿ ಮಾಡಿದ್ರು. ಗ್ಲೂಕೋಸ್ ಅಷ್ಟ ಅಲ್ಲ, ಹಿಮೋಗ್ಲೋಬಿನ್ ಎ1ಸಿ, ಕ್ರಿಯಾಟಿನಿನ್ ಇತ್ಯಾದಿ ಕೂಡ ಒಂದ ಕೈಯಂತ್ರದಾಗ ಅಳೀತದ. ಇನ್ನ ನೀರು. ಮಲಪ್ರಭಾ ಕಣಕುಂಬಿಯಾಗ ಹುಟ್ಟಿ ನಿಮ್ಮ ಖಾನಾಪುರದ ಮುಂದ ಹರೀತಾಳ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಾಗ ದೇಶದ 351 ಮಲಿನ ನದಿಭಾಗಗಳ ಹೆಸರು ಹೇಳಿತು, ಕರ್ನಾಟಕದ್ದು 17, ಅದರಾಗ ಮಲಪ್ರಭಾನೂ ಬಂದಳು. ಹಂಗ ಹೇಳೂದು ಬಿಓಡಿ, ಅಂದ್ರ ನೀರಿನ್ಯಾಗಿನ ಗಲೀಜು ಕರಗಸಾಕ ಸೂಕ್ಷ್ಮಜೀವಿಗೆ ಬೇಕಾಗೂ ಆಮ್ಲಜನಕದ ಲೆಕ್ಕದ ಮ್ಯಾಲ, ಲೀಟರಿಗೆ 3 ಮಿಲಿಗ್ರಾಂ ದಾಟಿರಬಾರದು. ಆ ಪರೀಕ್ಷೆಗೆ ನೀರನ್ನ 27 ಡಿಗ್ರಿಯೊಳಗ ಮೂರು ದಿನ ಇಡಬೇಕು. ಆದ್ರ ನೀರಿನ್ಯಾಗ ಈಗ, ಈ ಹೊತ್ತಿಗೆ ಆಮ್ಲಜನಕ ಎಷ್ಟದ ಅನ್ನೂದನ್ನ ದಂಡ್ಯಾಗ ನಿಂತು ಒಂದೆರಡು ಮಿನಿಟಿನ್ಯಾಗ ಹೇಳ್ಲಿಕ್ಕೆ ಬರ್ತದ. ತೆಳ್ಳನೆ ಪ್ಲಾಸ್ಟಿಕ್ ಪೊರೆ, ಒಳಗ ಪ್ಲಾಟಿನಂ. ಅದೂ ಕ್ಲಾರ್ಕ್ ಮಾಡಿದ್ದೇ, 1956ರಾಗ ಪ್ರಕಟ ಆತು. ರಾತ್ರಿ ಯಾರರೇ ಗಲೀಜು ಬಿಟ್ರ ಮೂರು ದಿನದ ಪರೀಕ್ಷೆಗೆ ಸಿಗೂದಿಲ್ಲ, ಇದಕ್ಕ ಸಿಗ್ತಾರ.

ಸೆಕ್ರೆಟರಿ: ಸಿಕ್ಕ ಮ್ಯಾಲ ಏನ್ರೀ? ಇದು ನನ್ನ ನಿಜವಾದ ಪ್ರಶ್ನೆ. ನನ್ನ ಕೈಯಾಗ ಮಷಿನ್ ಐತಿ, ಕೆಂಪ ದೀಪ ಹತ್ತಿತು. ನಾ ಏನ್ ಮಾಡ್ಬೇಕು?

ಸರ್: ಕಾನೂನು ಕೇಳ್ತಿಯೇನು? ಆಹಾರ ಸುರಕ್ಷತಾ ಕಾಯ್ದೆ, 2006ರದು. ಅಧಿಕಾರಿ ಬಂದು ನಮೂನೆ ತಗೊಂಡು, ಸೀಲ್ ಮಾಡಿ, ಲ್ಯಾಬಿಗೆ ಕಳಸಬೇಕು. ಇಲ್ಲೇ ಬೆಳಗಾವಿಯೊಳಗ ವಿಭಾಗೀಯ ಆಹಾರ ಪ್ರಯೋಗಾಲಯ ಅದ. ವರದಿಗೆ 14 ದಿನದ ಅವಧಿ. ಕೋರ್ಟಿನ್ಯಾಗ ನಿಲ್ಲೂದು ಆ ವರದಿ. ನಿನ್ನ ಕೆಂಪ ದೀಪ ಅಲ್ಲಿ ನಡಿಯೂದಿಲ್ಲ.

ಸೆಕ್ರೆಟರಿ: ಹದಿನಾಲ್ಕು ದಿನಕ್ಕ ಹಾಲು ಏನಾಗಿರ್ತೈತ್ರೀ!

ಸರ್: ಹಂಗಂತ ದೀಪವನ್ನೇ ತೀರ್ಪು ಅಂದ್ರ ಅದೂ ಪಜೀತಿ. 2018ರ ಜುಲೈದಾಗ ಗೋವಾದ ಮಡಗಾಂವಿನ ಮೀನದ ಗದ್ದಲ ನೆನಪದ ಏನು? ಮುಂಜಾನಿ ಅಧಿಕಾರಿಗಳು ಮಾರ್ಕೆಟ್ಟಿನ್ಯಾಗೇ ಪರೀಕ್ಷೆ ಮಾಡಿದ್ರು, ಮೀನಿಗೆ ಫಾರ್ಮಲಿನ್ ಹಾಕ್ಯಾರ ಅಂತ ಬಂತು. ಅದೇ ದಿನ ಲ್ಯಾಬಿನ ಮಾತು ಬಂತು, ಮಿತಿಯೊಳಗ ಅದ ಅಂತ. ಜನ ಯಾವುದನ್ನ ನಂಬಬೇಕು? ಎರಡನ್ನೂ ನಂಬಲಿಲ್ಲ. ಕಡೀಕ ಹೊರರಾಜ್ಯದ ಮೀನು ಬರೂದನ್ನೇ ಸರಕಾರ ಕೆಲವು ದಿನ ನಿಲ್ಲಿಸಿತು. ಜಾಗಾದ ಮ್ಯಾಲಿನ ಪರೀಕ್ಷೆ ಮಾಡೂದಕಿಂತ ಮೊದಲ, ಅದು ಹೌದು ಅಂದ್ರ ಮುಂದಿನ ಹೆಜ್ಜಿ ಏನು ಅನ್ನೂದನ್ನ ಬರದು ಇಟ್ಟಿರಬೇಕು. ಅಲ್ಲಿ ಅದು ಇರಲಿಲ್ಲ ಅಂತ ನನಗ ಅನಸ್ತದ.

ಸೆಕ್ರೆಟರಿ: ನಮ್ಮಲ್ಲಿ ಕಷ್ಟ ಅದಕ್ಕಿಂತ ಸಣ್ಣದು, ಆದ್ರ ಭಾಳ ಹತ್ತಿರದ್ದು. ಸರತಿಯಾಗ ಇಪ್ಪತ್ತು ಮಂದಿ ನಿಂತಿರ್ತಾರ. ಒಬ್ಬಾಕಿ ಬಾಟ್ಲಿಗೆ ಕೆಂಪು ಬಂತು, ಎಲ್ಲಾರೂ ನೋಡಿದ್ರು. ಆಕಿಗೆ ಇರೂದು ಒಂದ ಆಕಳ. ಆಕಿ ಮೋಸ ಮಾಡಿಲ್ರೀ, ಟ್ಯೂಬ್ ಹಾಕಿದ ಮ್ಯಾಲ ಹಾಲು ಬಿಡಬೇಕು ಅಂತ ಆಕಿಗೆ ಯಾರೂ ಹೇಳಿಲ್ಲ. ಡಬ್ಬಿ ಮ್ಯಾಲ ಬರದಿರ್ತೈತಿ, ಖರೆ, ಇಂಗ್ಲಿಷಿನ್ಯಾಗ. ಡಬ್ಬಿ ಡಾಕ್ಟರ್ ಚೀಲದಾಗ ಹೋಗಿರ್ತೈತಿ. ಮರುದಿನ ಆಕಿ ಏನ್ ಮಾಡ್ತಾಳ? ಟ್ಯೂಬ್ ಹಾಕ್ಸಿದ್ದನ್ನ ಮುಚ್ಚಿಡ್ತಾಳ. ಇಲ್ಲಾ, ಪಕ್ಕದ ಮನಿಯಾಕಿ ಹೆಸರಿಲೆ ಹಾಲು ಕಳಸ್ತಾಳ.

ಸರ್: ಇದನ್ನ ನಾ ವಿಚಾರ ಮಾಡಿರಲಿಲ್ಲ.

ಸೆಕ್ರೆಟರಿ: ಅದಕ್ಕ ಕೌಂಟರ್ ಮ್ಯಾಲ ಮಷಿನ್ ಇಡೂದು ನನಗ ಒಪ್ಪಿಗಿ ಇಲ್ರೀ. ಅಳೀಬೇಕು, ಆದ್ರ ಕ್ಯಾನಿಗೆ ಸುರಿಯೂದಕಿಂತ ಮೊದಲ ಅಳೀಬೇಕು, ಅದೂ ಆಕೀನ ಕೇಳಿ. "ಮೂರು ದಿನದ ಹಿಂದ ಟ್ಯೂಬ್ ಹಾಕ್ಸೇನಿ, ಈಗ ಹಾಕಬಹುದೇನು ನೋಡ್ರಿ" ಅಂತ ಆಕಿನ ತಂದ್ರ, ಆ ಹಾಲಿಗಷ್ಟ ಒಂದು ಪಟ್ಟಿ ಖರ್ಚು. ಎಲ್ಲಾರ ಹಾಲಿಗೂ ದಿನಾ ಪಟ್ಟಿ ಅಂದ್ರ ಸಂಘ ಮುಳಗ್ತೈತಿ. ಬಿಟ್ಟ ಹಾಲಿನ ರೊಕ್ಕ ಅರ್ಧಾ ಆದ್ರೂ ಸಂಘ ಕೊಡಬೇಕು ಅಂತ ಮುಂದಿನ ಮೀಟಿಂಗಿನ್ಯಾಗ ಕೇಳಾಕಿ ಅದೀನಿ. ಒಂದು ಕ್ಯಾನ್ ಕೆಟ್ಟದ್ದರ ಮುಂದ ಅದು ಎಷ್ಟರ ಖರ್ಚ್ರೀ?

ಸರ್: ಹಂಗಾದ್ರ ಪ್ರತಿ ಸದಸ್ಯೆ ಹಾಲಿನ ಸಣ್ಣ ನಮೂನೆ ಗಾಡಿ ಹೋಗೂತನಾ ತಗದಿಡು. ಕ್ಯಾನಿಗೆ ಒಂದ ಪರೀಕ್ಷೆ. ಕೆಟ್ಟಿತಂದ್ರ ಆಗ ಬಾಟ್ಲಿ ಬಿಚ್ಚಿ ಹುಡುಕು, ಅದೂ ಒಳಗ ಕುಂತು.

ಸೆಕ್ರೆಟರಿ: ಕೆಚ್ಚಲ ಬಾವಿಗೇ ಒಂದು ಮೀಟರ್ ಬರ್ತೈತಿ ಅಂತಾರಲ್ರೀ, ರೋಗ ಮೊದಲ ಗೊತ್ತಾದ್ರ ಟ್ಯೂಬಿನ ಮಾತೇ ಇಲ್ಲ.

ಸರ್: ಹೌದು. ಬಾವು ಬಂದ ಮೊಲಿಯ ಹಾಲಿನ್ಯಾಗ ಸೋಡಿಯಂ, ಕ್ಲೋರೈಡ್ ಹೆಚ್ಚಾಗ್ತದ, ವಿದ್ಯುತ್ತು ಸರಳ ಹರೀತದ. ಮೀಟರ್ ಅದನ್ನ ಅಳೀತದ. ಪಟ್ಟಿಯ ಖರ್ಚಿಲ್ಲ, ಪ್ರತಿಕಾಯದ ಗೋಜಿಲ್ಲ. ಒಂದೊಂದು ಮೊಲಿಯ ಹಾಲು ಬ್ಯಾರೆ ಬ್ಯಾರೆ ಅಳೆದು ಹೋಲಿಸಿ ನೋಡಬೇಕು, ಒಂದು ಏರಿತ್ತಂದ್ರ ಅನುಮಾನ ಪಡಬೇಕು. ನೂರಕ್ಕ ನೂರು ಅಲ್ಲ. ಆದ್ರೂ ನನ್ನ ಕೇಳಿದ್ರ ನಿಮ್ಮ ಮೊದಲ ರೊಕ್ಕ ಅದಕ್ಕ ಹೋಗಲಿ.

ಸೆಕ್ರೆಟರಿ: ಈ ಪಾಂಪ್ಲೆಟ್ಟಿನಾಂವಗ ಏನ್ ಹೇಳ್ಲಿ?

ಸರ್: ಬಾ ಅನ್ನು. ಅಂವ ತಂದ ನಮೂನೆ ಬ್ಯಾಡ, ನಿಮ್ಮ ಹಾಲು. ಟ್ಯೂಬ್ ಹಾಕಿದ ಆಕಳ ಹಾಲು ಒಂದು ಮಿಲಿಲೀಟರ್ ತಗೊಂಡು ನೂರು ಮಿಲಿಲೀಟರ್ ಚಲೋ ಹಾಲಿಗೆ ಹಾಕು. ಅದರಾಗಿಂದ ಒಂದು ಮಿಲಿಲೀಟರ್ ತಗದು ಮತ್ತ ನೂರಕ್ಕ ಹಾಕು. ಹಿಂಗ ಹತ್ತು ಬಾಟ್ಲಿ ಮಾಡು, ಅರ್ಧ ಚಲೋ ಹಾಲಿನವು. ಮ್ಯಾಲ ನಂಬರಷ್ಟ ಬರಿ, ಯಾವುದು ಯಾವುದು ಅನ್ನೂ ಚೀಟಿ ನಿನ್ನ ಕಪಾಟಿನ್ಯಾಗ ಇರಲಿ. ಪ್ರತಿ ಬಾಟ್ಲಿಯಿಂದ ಒಂದು ಲೋಟ ತಗದು ಹಿಂದಿನ ರಾತ್ರಿನ ಹೆಪ್ಪು ಹಾಕಿ ಇಡು, ಉಳಿದದ್ದು ಫ್ರಿಜ್ಜಿನ್ಯಾಗ. ಅಂವ ಓದಿದ ನಂಬರನ್ನ ಮೊಸರಿನ ಜೋಡಿ ಹಚ್ಚಿ ನೋಡೋಣ.

ಸೆಕ್ರೆಟರಿ: ಹತ್ತೂ ಹಾಲಿನವ ಇರಲಿ ಏನ್ರೀ?

ಸರ್: ಒಂದರಾಗ ಬರೇ ನೀರಿಗೆ ಚೂರು ಹಾಲು ಬೆರಸಿ ಬಿಳಿ ಮಾಡಿ ಇಡು.

ಸೆಕ್ರೆಟರಿ: ಅದಕ್ಕೂ ಪೆನಿಸಿಲಿನ್ ಅಂತ ತೋರಿಸಿದ್ರ?

ಸರ್: ಊಟಾ ಮಾಡಿಸಿ ಬಸ್ ಹತ್ತಸು.